ಬಾಣಂತಿಯ ತಿಳಿವು: ನ್ಯೂಜಿಲೆಂಡಿನಲ್ಲಿ ಎಳೆಗೂಸಿನ ಆರೈಕೆಯ ನೂರು ವರ್ಷ

(ಕೂಟದ ಉಪನ್ಯಾಸಮಾಲೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಇತಿಹಾಸವೆಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಅರಸರು, ಯುದ್ಧಗಳು, ಶಿಲಾಶಾಸನಗಳು. ಕನ್ನಡ ಕೂಟದ ವೇದಿಕೆಗೆ ಬಂದ ಅತಿಥಿಯಿಂದ ತಾವು ನಿರೀಕ್ಷಿಸುವುದೂ ಬಹುಶಃ ಇಮ್ಮಡಿ ಪುಲಿಕೇಶಿಯನ್ನೋ ಕೃಷ್ಣದೇವರಾಯನನ್ನೋ. ನಾನು ಇಂದು ಆಯ್ದುಕೊಂಡಿರುವ ವಿಷಯ ಅವೆಲ್ಲಕ್ಕಿಂತ ಸಣ್ಣದು. ತೂಕದಲ್ಲಿ ಹೇಳುವುದಾದರೆ ಮೂರು ಕಿಲೋ ಆಸುಪಾಸಿನದು. ಹುಟ್ಟಿದ ಮಗುವಿನ ಮೊದಲ ಕೆಲವು ವಾರಗಳಲ್ಲಿ ತಾಯಿಯಾದವಳು ಏನನ್ನು ತಿಳಿದಿರಬೇಕು, ಆ ತಿಳಿವು ಅವಳಿಗೆ ಯಾರಿಂದ ಬರಬೇಕು ಎಂಬ ಪ್ರಶ್ನೆಗೆ ತಾವು ನೆಲೆಸಿರುವ ಈ ದೇಶದಲ್ಲಿ ಒಂದು ದೀರ್ಘವಾದ, ಕೆಲವೆಡೆ ನೋವಿನ ಇತಿಹಾಸವಿದೆ. ಅದನ್ನು ನಮ್ಮ ಬಾಣಂತನದ ಪರಂಪರೆಯ ಪಕ್ಕದಲ್ಲಿಟ್ಟು ನೋಡುವುದು ಈ ಉಪನ್ಯಾಸದ ಉದ್ದೇಶ.

ಈ ವಿಷಯವನ್ನು ಇಲ್ಲಿಯೇ ಹೇಳಲು ಕಾರಣವುಂಟು. ಆಕ್ಲೆಂಡಿನಲ್ಲಾಗಲಿ ಹ್ಯಾಮಿಲ್ಟನ್ನಿನಲ್ಲಾಗಲಿ ಕನ್ನಡದ ಮನೆಯೊಂದರಲ್ಲಿ ಮಗು ಹುಟ್ಟಿದಾಗ ಇಬ್ಬರು ಹೆಂಗಸರು ಆ ಮನೆಗೆ ಬರುತ್ತಾರೆ. ಒಬ್ಬರು ಊರಿನಿಂದ ಸಂದರ್ಶಕರ ವೀಸಾ ಪಡೆದು, ಪೆಟ್ಟಿಗೆಯಲ್ಲಿ ಅಂಟು, ಮೆಂತ್ಯ, ಒಣಶುಂಠಿ, ಬಜೆಯ ತುಂಡುಗಳನ್ನು ಕಟ್ಟಿಕೊಂಡು ಬರುವ ಅಜ್ಜಿ; ವಿಮಾನನಿಲ್ದಾಣದ ಜೈವಿಕ ಸುರಕ್ಷತಾ ಅಧಿಕಾರಿಗಳು ಆ ಪೆಟ್ಟಿಗೆಯಲ್ಲಿ ಎಷ್ಟನ್ನು ಉಳಿಸುತ್ತಾರೆಂಬುದು ಬೇರೆ ಮಾತು. ಇನ್ನೊಬ್ಬರು ತಕ್ಕಡಿಯನ್ನು ಹಿಡಿದು ಬರುವ ದಾದಿ. ಅಜ್ಜಿ ಒಂದು ಹೇಳುತ್ತಾರೆ, ದಾದಿ ಇನ್ನೊಂದು ಹೇಳುತ್ತಾರೆ. ನಡುವೆ ನಿದ್ದೆಗೆಟ್ಟ ತಾಯಿ. ಯಾರ ಮಾತನ್ನು ನಂಬಬೇಕು? ಈ ಪ್ರಶ್ನೆಗೆ ಉತ್ತರವನ್ನು ವೈದ್ಯಶಾಸ್ತ್ರವೊಂದೇ ಕೊಡಲಾರದು. ಇಬ್ಬರೂ ತಮ್ಮ ತಮ್ಮ ಮಾತಿಗೆ ಹೇಗೆ ಬಂದು ತಲುಪಿದರೆಂಬ ಇತಿಹಾಸವೂ ಬೇಕಾಗುತ್ತದೆ.

ಮೊದಲು ಅಜ್ಜಿಯ ಪಕ್ಷವನ್ನು ಕೇಳೋಣ. ಬಾಣಂತನವೆಂಬುದು ನಮ್ಮಲ್ಲಿ ಒಂದು ಸುವ್ಯವಸ್ಥಿತ ಸಂಸ್ಥೆ. ಹೆರಿಗೆಗೆ ತವರಿಗೆ ಹೋಗುವುದು, ಕತ್ತಲೆಯ ಬೆಚ್ಚನೆಯ ಕೋಣೆ, ಉತ್ತರ ಕರ್ನಾಟಕದ ಕಡೆ ಹೊರಸಿನ ಕೆಳಗೆ ಅಗ್ಗಿಷ್ಟಿಕೆ, ಹರಳೆಣ್ಣೆ ಹಚ್ಚಿ ಬಿಸಿನೀರು ಎರೆಯುವುದು, ಸಾಂಬ್ರಾಣಿಯ ಹೊಗೆ, ಹಾಲು ಹೆಚ್ಚಲೆಂದು ಮೆಂತ್ಯ, ಸಬ್ಬಸಿಗೆ, ಅಂಟಿನುಂಡೆ. ಇವೆಲ್ಲದರ ತಿರುಳು ಎರಡೇ: ಮಗುವನ್ನು ಬೆಚ್ಚಗಿಡುವುದು, ತಾಯಿಯನ್ನು ದುಡಿಮೆಯಿಂದ ಬಿಡಿಸುವುದು. ನಲವತ್ತು ದಿನ ಸೊಸೆಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕೂರಿಸಿದ ಬೇರಾವ ಕಾನೂನೂ ಆ ಕಾಲದ ನಮ್ಮ ಹಳ್ಳಿಗಳಲ್ಲಿ ಇರಲಿಲ್ಲ. ತಾಯಿ ಮತ್ತು ಮಗು ಒಂದೇ ಕೋಣೆಯಲ್ಲಿ, ಒಂದೇ ಕಂಬಳಿಯ ಬಿಸಿಯಲ್ಲಿ ಇರುತ್ತಿದ್ದರು. ಮಗು ಅತ್ತಾಗಲೆಲ್ಲ ಎದೆಹಾಲು ಸಿಗುತ್ತಿತ್ತು. ನ್ಯೂಜಿಲೆಂಡಿನ ಆಸ್ಪತ್ರೆಗಳು ಇಷ್ಟನ್ನು ಒಪ್ಪಿಕೊಳ್ಳಲು ಅರ್ಧ ಶತಮಾನ ತೆಗೆದುಕೊಂಡವೆಂಬುದನ್ನು ಮುಂದೆ ನೋಡಲಿದ್ದೇವೆ.

ಆದರೆ ಅದೇ ಅಜ್ಜಿ, ಅದೇ ಪ್ರೀತಿಯಿಂದ, ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುತ್ತಿದ್ದಳು. ಹಾಲು ಇಳಿಯುವವರೆಗೆ ಜೇನನ್ನೋ ಬೆಲ್ಲದ ನೀರನ್ನೋ ಹರಳೆಣ್ಣೆಯನ್ನೋ ನೆಕ್ಕಿಸುತ್ತಿದ್ದಳು. ಹುಟ್ಟಿದ ಕೂಡಲೇ ಮಗುವಿನ ಮೈ ತೊಳೆದು ಬಿಡುತ್ತಿದ್ದರು. ಹೊಕ್ಕುಳಬಳ್ಳಿಯನ್ನು ಕೈಗೆ ಸಿಕ್ಕ ಕುಡುಗೋಲಿನಿಂದ ಕೊಯ್ದು ಬೂದಿಯನ್ನೋ ಅರಿಶಿನವನ್ನೋ ಮೆತ್ತಿದ ಮನೆಗಳಲ್ಲಿ ಎಂಟನೆಯ ದಿನದ ಆಸುಪಾಸಿಗೆ ಧನುರ್ವಾಯು ಬಂದು ಎಷ್ಟು ಕೂಸುಗಳು ಹೋದವೆಂಬುದಕ್ಕೆ ಲೆಕ್ಕವಿಟ್ಟವರಿಲ್ಲ. ದೃಷ್ಟಿ ತಗುಲಿತು, ಬಾಲಗ್ರಹ ಹಿಡಿಯಿತು ಎಂದು ಮನೆಯವರು ಅತ್ತು ಸುಮ್ಮನಾದರು. ಪರಂಪರೆಯನ್ನು ಕೊಂಡಾಡುವವರು ಈ ಸಾವುಗಳನ್ನೂ ಅದರ ಲೆಕ್ಕಕ್ಕೆ ಬರೆದುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ದಾದಿಯ ಪಕ್ಷ. ಇದರ ಕಥೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತೊಡಗುತ್ತದೆ. ಈ ದೇಶದ ಸಂಸತ್ತು 1904ರಲ್ಲಿ ಸೂಲಗಿತ್ತಿಯರ ಕಾಯಿದೆಯನ್ನು ಅಂಗೀಕರಿಸಿತು. ಅದರ ಹಿಂದಿದ್ದ ಶಕ್ತಿ ಗ್ರೇಸ್ ನೀಲ್ ಎಂಬ ಆರೋಗ್ಯಾಧಿಕಾರಿಣಿ. ಮರುವರ್ಷ, 1905ರಲ್ಲಿ, ವೆಲಿಂಗ್ಟನ್ನಿನಲ್ಲಿ ಮೊದಲ ಸೇಂಟ್ ಹೆಲೆನ್ಸ್ ಆಸ್ಪತ್ರೆ ತೆರೆಯಿತು. ದುಡಿಯುವ ವರ್ಗದ ಮನೆಗಳ ಹೆಂಗಸರಿಗೆ ಹೆರಿಗೆ, ಜೊತೆಗೆ ಸೂಲಗಿತ್ತಿಯರಿಗೆ ತರಬೇತಿ, ಇವು ಅದರ ಎರಡು ಕೆಲಸಗಳು. ಹೆಸರು ಸಂತಳದ್ದಾದರೂ ಅದು ಬಂದದ್ದು ಆಗಿನ ಪ್ರಧಾನಿ ರಿಚರ್ಡ್ ಸೆಡನ್ನರ ಇಂಗ್ಲೆಂಡಿನ ಹುಟ್ಟೂರಿನಿಂದ.

ಆದರೆ ಮನೆಮಾತಾದ ಹೆಸರು ಇನ್ನೊಬ್ಬರದು. ಟ್ರೂಬಿ ಕಿಂಗ್ 1858ರಲ್ಲಿ ನ್ಯೂ ಪ್ಲಿಮತ್ತಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯಕೀಯ ಕಲಿತು, 1889ರಿಂದ ಡುನೆಡಿನ್ ಬಳಿಯ ಸೀಕ್ಲಿಫ್ ಮಾನಸಿಕ ಆಸ್ಪತ್ರೆಯ ಮೇಲ್ವಿಚಾರಕರಾಗಿದ್ದವರು. ಮಕ್ಕಳ ವೈದ್ಯರಲ್ಲ. ಆಸ್ಪತ್ರೆಗೆ ಸೇರಿದ ಹೊಲದಲ್ಲಿ ಎಳೆಗರುಗಳು ಭೇದಿಯಿಂದ ಸಾಯುತ್ತಿದ್ದುದನ್ನು ನೋಡಿ, ಹಾಲನ್ನು ಅಳತೆಯಿಟ್ಟು ಹೊತ್ತುಹೊತ್ತಿಗೆ ಸರಿಯಾಗಿ ಕುಡಿಸುವ ಕ್ರಮವನ್ನು ರೂಪಿಸಿದರು, ಕರುಗಳು ಬದುಕಿದವು. 1904ರಲ್ಲಿ ಜಪಾನಿಗೆ ಹೋದಾಗ ಅಲ್ಲಿನ ತಾಯಂದಿರು ದೀರ್ಘಕಾಲ ಎದೆಹಾಲು ಉಣಿಸುವುದನ್ನೂ ಮಕ್ಕಳ ಪುಷ್ಟಿಯನ್ನೂ ಕಂಡು ಮೆಚ್ಚಿದರು. ಈ ಎರಡು ಅನುಭವಗಳು ಅವರ ಬೋಧನೆಯೊಳಗೆ ಸೇರಿಕೊಂಡವು. ಎದೆಹಾಲೇ ಶ್ರೇಷ್ಠವೆಂಬ ಮಾತು ಜಪಾನಿನ ತಾಯಂದಿರಿಂದ ಬಲ ಪಡೆಯಿತು. ಗಡಿಯಾರ ನೋಡಿ ಉಣಿಸಬೇಕೆಂಬುದು ಕರುಗಳ ಕೊಟ್ಟಿಗೆಯಿಂದ ಬಂದಿತು ಎಂದರೆ ತೀರಾ ಅನ್ಯಾಯವಾಗಲಾರದು.

1907ರ ಮೇ 14ರಂದು ಡುನೆಡಿನ್ನಿನಲ್ಲಿ ಕಿಂಗ್‌ರ ಕರೆಗೆ ಸೇರಿದ ಸಭೆಯಲ್ಲಿ ಹೆಂಗಸರ ಮತ್ತು ಮಕ್ಕಳ ಆರೋಗ್ಯವರ್ಧನೆಗೆ ಒಂದು ಸಂಘ ಹುಟ್ಟಿಕೊಂಡಿತು. ಗವರ್ನರರ ಪತ್ನಿ ವಿಕ್ಟೋರಿಯಾ ಪ್ಲಂಕೆಟ್ ಅದಕ್ಕೆ ಬೆಂಬಲವಾಗಿ ನಿಂತದ್ದರಿಂದ ಮುಂದೆ ಅದು ಪ್ಲಂಕೆಟ್ ಸೊಸೈಟಿ ಎಂದೇ ಹೆಸರಾಯಿತು. ಮೊದಲ ದಾದಿ ಜೊಆನಾ ಮಕಿನನ್. ತಾಯಂದಿರಿಗೆ ನೆರವಾಗಿ ಶಿಶುಗಳನ್ನು ಉಳಿಸುವುದು ಸಂಘದ ಘೋಷವಾಕ್ಯ. ಕಿಂಗ್ ದಂಪತಿಗಳ ಕರಿಟಾನೆಯ ಬೇಸಗೆಯ ಮನೆ ಬಡಕಲು ಶಿಶುಗಳ ಆರೈಕೆಯ ತಾಣವಾಯಿತು. ಪತ್ರಿಕೆಯಲ್ಲಿ ‘ನಮ್ಮ ಕೂಸುಗಳು’ ಎಂಬ ಅರ್ಥದ ಹೆಸರಿನಲ್ಲಿ ಬರುತ್ತಿದ್ದ ವಾರದ ಅಂಕಣವನ್ನು ದೇಶದ ಮೂಲೆಮೂಲೆಯ ತಾಯಂದಿರು ಓದುತ್ತಿದ್ದರು. ಅದನ್ನು ಬರೆಯುತ್ತಿದ್ದವರು ಕಿಂಗ್‌ರ ಪತ್ನಿ ಬೆಲ್ಲಾ. ಆದರೆ ಅಚ್ಚಾಗುತ್ತಿದ್ದುದು ಗ್ರೀಕರ ಆರೋಗ್ಯದೇವತೆ ಹೈಜಿಯಾಳ ಹೆಸರಿನಲ್ಲಿ. ಹೆಂಡತಿಯ ಕೆಲಸ ಗಂಡನ ಕೀರ್ತಿಯಲ್ಲಿ ಕರಗಿಹೋಗುವುದು ನಮ್ಮಲ್ಲಿ ಮಾತ್ರವೇನೂ ಅಲ್ಲ.

ಕಿಂಗ್‌ರ ಬೋಧನೆಯ ಸಾರ ಸರಳವಾದದ್ದು: ನಾಲ್ಕು ಗಂಟೆಗೊಮ್ಮೆ ಹಾಲು, ರಾತ್ರಿ ಹಾಲಿಲ್ಲ, ಕಿಟಕಿ ತೆರೆದಿರಬೇಕು, ಅತ್ತೊಡನೆ ಎತ್ತಿಕೊಳ್ಳಬಾರದು, ಮುದ್ದಿಗೆ ಮಿತಿ ಇರಬೇಕು. 1913ರಲ್ಲಿ ಪ್ರಕಟವಾದ ಅವರ ಶಿಶುಪಾಲನೆಯ ಪುಸ್ತಕ ಸಾಮ್ರಾಜ್ಯದ ಬೇರೆ ಬೇರೆ ದೇಶಗಳನ್ನು ಮುಟ್ಟಿತು. ಲಂಡನ್ನಿನಲ್ಲಿಯೂ ಅವರ ಪದ್ಧತಿಯ ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಇದರ ಹಿಂದೆ ಕರುಣೆಯಷ್ಟೇ ಇರಲಿಲ್ಲವೆಂಬುದನ್ನೂ ಹೇಳಬೇಕು. ಬಿಳಿಯರ ಜನನಪ್ರಮಾಣ ಕುಸಿಯುತ್ತಿದೆ, ಸಾಮ್ರಾಜ್ಯಕ್ಕೆ ಗಟ್ಟಿಮುಟ್ಟಾದ ಪ್ರಜೆಗಳು ಬೇಕು ಎಂಬ ಆತಂಕ ಆ ಕಾಲದ ಗಾಳಿಯಲ್ಲಿತ್ತು. ಕಿಂಗ್‌ರ ಬರಹಗಳಲ್ಲಿಯೂ ಅದು ದಟ್ಟವಾಗಿಯೇ ಇದೆ.

ಫಲವೇನಾಯಿತು? 1907ರಲ್ಲಿ ಮಾವೊರಿಯೇತರ ಶಿಶುಗಳಲ್ಲಿ ಸಾವಿರಕ್ಕೆ ಸುಮಾರು 88 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಮೂವತ್ತು ವರ್ಷಗಳಲ್ಲಿ ಅದು 32ರ ಸುಮಾರಿಗೆ ಇಳಿಯಿತು. ಜಗತ್ತಿನಲ್ಲಿಯೇ ಅತ್ಯಂತ ಕಡಿಮೆ ಶಿಶುಮರಣವೆಂಬ ಹೆಮ್ಮೆ ಈ ದೇಶದ್ದಾಯಿತು. 1938ರಲ್ಲಿ ಕಿಂಗ್ ತೀರಿಕೊಂಡಾಗ ಸರಕಾರಿ ಗೌರವದ ಅಂತ್ಯಕ್ರಿಯೆ ನಡೆಯಿತು. ಇತಿಹಾಸಕಾರರು ಮಾತ್ರ ಈ ಲೆಕ್ಕವನ್ನು ಮರುಪರಿಶೀಲಿಸಿದ್ದಾರೆ. ಇಳಿಕೆ 1907ಕ್ಕಿಂತ ಮೊದಲೇ ಆರಂಭವಾಗಿತ್ತು. ಸಣ್ಣ ಕುಟುಂಬ, ಒಳ್ಳೆಯ ಮನೆ, ಶುದ್ಧವಾದ ನೀರು ಮತ್ತು ಹಾಲು ಇವುಗಳಿಗೂ ಅದರಲ್ಲಿ ಪಾಲಿತ್ತು. ಅದಕ್ಕಿಂತ ಮುಖ್ಯವಾಗಿ, ಇಳಿದದ್ದು ಬಹುಮಟ್ಟಿಗೆ ಮೊದಲ ತಿಂಗಳು ದಾಟಿದ ಶಿಶುಗಳ ಸಾವು, ಅದರಲ್ಲೂ ಭೇದಿಯಿಂದಾಗುವ ಸಾವು. ಮೊದಲ ನಾಲ್ಕು ವಾರಗಳ ಸಾವುಗಳು ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಗಡಿಯಾರ ಮತ್ತು ತಕ್ಕಡಿಗಳು ನವಜಾತ ಶಿಶುವಿನ ಬಾಗಿಲವರೆಗೆ ಬಂದು ಹೊರಗೇ ನಿಂತಂತಾಯಿತು.

ಹಾಗಾದರೆ ಪ್ಲಂಕೆಟ್ ನಿರರ್ಥಕವಾಗಿತ್ತೇ? ಹಾಗೆನ್ನಲಾಗದು. ಲಿಂಡಾ ಬ್ರೈಡರ್ ಎಂಬ ಆಕ್ಲೆಂಡಿನ ಇತಿಹಾಸಕಾರ್ತಿ 2003ರಲ್ಲಿ ಪ್ರಕಟಿಸಿದ ಈ ಸಂಸ್ಥೆಯ ಇತಿಹಾಸಕ್ಕೆ ‘ತಾಯಂದಿರಿಗೊಂದು ದನಿ’ ಎಂಬ ಅರ್ಥ ಬರುವ ಹೆಸರನ್ನಿಟ್ಟರು. ಊರೂರಿನ ಸಮಿತಿಗಳನ್ನು ನಡೆಸಿದವರು, ಹಣ ಕೂಡಿಸಿದವರು, ಸರಕಾರದೊಡನೆ ವಾದಿಸಿದವರು ಹೆಂಗಸರೇ. ದಾದಿಯರು ಪುಸ್ತಕದಲ್ಲಿದ್ದಷ್ಟು ಕಠೋರರಾಗಿರಲಿಲ್ಲ. ತಾಯಂದಿರೂ ಪುಸ್ತಕ ಹೇಳಿದ್ದನ್ನೆಲ್ಲ ಪಾಲಿಸಲಿಲ್ಲ. ಅವರಿಗೆ ಬೇಕಾಗಿದ್ದುದು ಒಂಟಿ ಹೊಲಮನೆಯ ಬಾಗಿಲನ್ನು ತಟ್ಟಿ, ಮಗುವನ್ನು ತೂಗಿ, ‘ಚೆನ್ನಾಗಿದೆ’ ಎಂದು ಹೇಳುವ ಒಬ್ಬಾಕೆ. ನಮ್ಮ ಮನೆಗಳಲ್ಲಿ ಆ ಮಾತನ್ನು ನೀರೆರೆಯಲು ಬರುವ ಅಜ್ಜಿ ಹೇಳುತ್ತಿದ್ದಳು. ನಿಯಮಗಳು ಬದಲಾದವು, ಪುಸ್ತಕಗಳು ಹಳತಾದವು. ಮನೆಗೆ ಬರುವ ಆ ಹೆಂಗಸು ಮಾತ್ರ ಇಂದಿಗೂ ಉಳಿದಿದ್ದಾಳೆ.

ಅದೇ 1907ರಲ್ಲಿ ಇನ್ನೊಂದು ಘಟನೆ ನಡೆಯಿತು. ಮಾವೊರಿ ಜನರ ಪಾರಂಪರಿಕ ಜ್ಞಾನಿಗಳಾದ ತೊಹುಂಗರ ಚಿಕಿತ್ಸೆಯನ್ನು ಹತ್ತಿಕ್ಕುವ ಕಾಯಿದೆಯನ್ನು ಇದೇ ದೇಶ ಅಂಗೀಕರಿಸಿತು. ಅದು ರದ್ದಾದದ್ದು 1962ರಲ್ಲಿ. ಒಂದು ಕಡೆ ಬಿಳಿಯ ತಾಯಿಗೆ ಮನೆಬಾಗಿಲಿನಲ್ಲಿ ದಾದಿ, ಇನ್ನೊಂದು ಕಡೆ ಮಾವೊರಿ ಹಿರಿಯಳ ತಿಳಿವಿಗೆ ಕಾನೂನಿನ ಅನುಮಾನ. ಪ್ಲಂಕೆಟ್ ದಾದಿಯರ ಸೇವೆ ಆರಂಭದ ದಶಕಗಳಲ್ಲಿ ಬಹುತೇಕ ಪಾಕೆಹಾ ಮನೆಗಳಿಗೆ ಸೀಮಿತವಾಗಿತ್ತು. ಮಾವೊರಿ ಮನೆಗಳನ್ನು ಸರಕಾರದ ಆರೋಗ್ಯ ಇಲಾಖೆಯ ದಾದಿಯರ ಪಾಲಿಗೆ ಬಿಡಲಾಗಿತ್ತು. ಮಾವೊರಿ ಭಾಷೆಯಲ್ಲಿ ‘ಫೆನುವಾ’ ಎಂದರೆ ಭೂಮಿ. ಅದೇ ಶಬ್ದಕ್ಕೆ ಮಾಸು ಎಂಬ ಅರ್ಥವೂ ಇದೆ. ಮಾಸನ್ನು ತಮ್ಮ ನೆಲದಲ್ಲಿ ಹೂಳುವುದು ಅವರ ಸಂಪ್ರದಾಯ. ನಮ್ಮ ಹಳ್ಳಿಗಳಲ್ಲಿ ಹಿತ್ತಿಲಿನಲ್ಲಿ ಮಾಸನ್ನು ಹೂಳುತ್ತಿದ್ದುದನ್ನು ಬಲ್ಲ ಹಿರಿಯರು ಈ ಸಭೆಯಲ್ಲಿಯೂ ಇರಬಹುದು. ಹೆರಿಗೆ ಆಸ್ಪತ್ರೆಗೆ ಸ್ಥಳಾಂತರವಾದ ಮೇಲೆ ಅದು ಸುಡುವ ಕಸವಾಯಿತು. ಇದೊಂದು ಸಣ್ಣ ವಿಷಯದಂತೆ ಕಂಡರೂ, ತನ್ನ ಹಿರಿಯರ ತಿಳಿವಿನ ಬಗ್ಗೆ ನಾಚಿಕೆಪಡಬೇಕೆಂಬ ಪಾಠವನ್ನು ತಾಯಿಯೊಬ್ಬಳು ಕಲಿಯುತ್ತಿದ್ದುದು ಇಂಥ ಕಡೆಗಳಲ್ಲಿಯೇ.

ಪಾಕೆಹಾ ತಾಯಂದಿರೂ ಆಸ್ಪತ್ರೆಯಲ್ಲಿ ಬಹಳವನ್ನು ಕಳೆದುಕೊಂಡರು. 1938ರ ಸಾಮಾಜಿಕ ಭದ್ರತಾ ಕಾಯಿದೆಯ ಅನಂತರ, 1939ರಿಂದ, ಹೆರಿಗೆಯ ವೆಚ್ಚವನ್ನು ಸರಕಾರವೇ ಭರಿಸಿತು; ಹದಿನಾಲ್ಕು ದಿನಗಳ ಆಸ್ಪತ್ರೆವಾಸವೂ ಉಚಿತ. ಇದು ದೊಡ್ಡ ಸಾಧನೆಯೇ. ಆದರೆ ಶಿಶುಗಳನ್ನು ತಾಯಂದಿರಿಂದ ಬೇರ್ಪಡಿಸಿ ಸಾಲುಸಾಲಾಗಿ ಶಿಶುಕೋಣೆಯಲ್ಲಿ ಮಲಗಿಸಿ, ಗಂಟೆ ಹೊಡೆದಾಗ ಮಾತ್ರ ತಂದು ಎದೆಗೆ ಕೊಡುವುದು ವಾಡಿಕೆಯಾಯಿತು. ತಾಯಿ ಎರಡು ವಾರಗಳಾದ ಮೇಲೆ ಮನೆಗೆ ಹೊರಟಾಗ ತನ್ನ ಮಗುವಿನ ಅಳುವನ್ನೇ ಗುರುತಿಸಲಾರಳು. ಸ್ವಚ್ಛತೆಗೆಂದು ಕಟ್ಟಿದ ಆ ಶಿಶುಕೋಣೆಗಳೇ 1950ರ ದಶಕದಲ್ಲಿ ಔಷಧಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ರೋಗಾಣುವಿನ ತವರಾದವು. ಸೋಂಕು ಒಂದು ತೊಟ್ಟಿಲಿನಿಂದ ಇನ್ನೊಂದಕ್ಕೆ ಹಬ್ಬತೊಡಗಿದಾಗ, ಮಗುವನ್ನು ತಾಯಿಯ ಮಗ್ಗುಲಲ್ಲಿ ಇಡುವುದೇ ಮೇಲೆಂಬ ಹಳೆಯ ಸತ್ಯ ವೈದ್ಯರಿಗೆ ಮತ್ತೆ ಹೊಳೆಯಿತು. 1952ರಲ್ಲಿ ವೆಲಿಂಗ್ಟನ್ನಿನಲ್ಲಿ ಹೆಲೆನ್ ಬ್ರೂ ಮೊದಲಾದವರು ಕಟ್ಟಿದ ಪೇರೆಂಟ್ಸ್ ಸೆಂಟರ್ ಎಂಬ ಸಂಘಟನೆ, ಹೆರಿಗೆಯ ಹೊತ್ತಿನಲ್ಲಿ ಗಂಡ ಜೊತೆಗಿರಲಿ, ಮಗು ತಾಯಿಯ ಬಳಿಯಿರಲಿ ಎಂದು ಹೋರಾಡಿತು. ಇವೆಲ್ಲ ನಡೆಯುವಷ್ಟರಲ್ಲಿ ಎದೆಹಾಲು ಉಣಿಸುವುದು ಬಹಳ ಕುಸಿದಿತ್ತು. 1960ರ ದಶಕದ ಕೊನೆಯ ವೇಳೆಗೆ ಪುಡಿಹಾಲಿನ ಬಾಟಲಿಯೇ ಆಧುನಿಕತೆಯ ಲಾಂಛನವಾಗಿತ್ತು.

ಇದೇ ಕಾಲದ ಕರ್ನಾಟಕದತ್ತ ಒಮ್ಮೆ ಹೊರಳಿ ನೋಡೋಣ. ಅಲ್ಲಿ ಆಸ್ಪತ್ರೆಗಳು ಕಡಿಮೆ, ಸೂಲಗಿತ್ತಿಯರೇ ಹೆಚ್ಚು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ತಮ್ಮ ದೀರ್ಘ ಜೀವಿತದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳಲಾಗುತ್ತದೆ. ಅವರಿಗೆ ಪದ್ಮಶ್ರೀ ದೊರೆತದ್ದು 2018ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹಿಂದಿನ ತಲೆಮಾರಿನಲ್ಲಾಗಿದ್ದರೆ ಅವರನ್ನು ಅನಕ್ಷರಸ್ಥೆ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತಿದ್ದರು. ಇನ್ನೊಂದು ಕಡೆ, ಓದುಬರಹ ಬಲ್ಲ ಕನ್ನಡತಿಯರಿಗಾಗಿ ಡಾ. ಅನುಪಮಾ ನಿರಂಜನ ಅವರು ಬರೆಯುತ್ತಿದ್ದರು. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರು ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದು, 1991ರಲ್ಲಿ ನಮ್ಮನ್ನಗಲಿದರು. ಅವರ ‘ತಾಯಿ-ಮಗು’ ಪುಸ್ತಕ ಎಷ್ಟೋ ಮನೆಗಳಲ್ಲಿ ಮದುವೆಯ ಉಡುಗೊರೆಯಾಗಿತ್ತು. ಸಮುದ್ರ ದಾಟಿ ಬಂದ ಪೆಟ್ಟಿಗೆಗಳಲ್ಲಿಯೂ ಅದು ಇದ್ದಿರಬೇಕು. ಟ್ರೂಬಿ ಕಿಂಗ್‌ರ ಪುಸ್ತಕದ ಪಕ್ಕದಲ್ಲಿಟ್ಟರೆ ಅದರ ದನಿಯೇ ಬೇರೆ. ಕಿಂಗ್ ತಾಯಂದಿರಿಗೆ ಆಜ್ಞೆ ಮಾಡುತ್ತಾರೆ. ಅನುಪಮಾ ಅಕ್ಕನಂತೆ ಪಕ್ಕದಲ್ಲಿ ಕುಳಿತು ಹೇಳುತ್ತಾರೆ. ಕನ್ನಡದಲ್ಲಿ ವೈದ್ಯಸಾಹಿತ್ಯವೆಂದರೆ ಅನುವಾದವಷ್ಟೇ ಎಂದು ಮೂಗು ಮುರಿಯುವವರು ಅವರನ್ನು ಓದಬೇಕು.

ಈಗ ಈ ಇತಿಹಾಸದ ಅತ್ಯಂತ ಕಹಿಯಾದ ಅಧ್ಯಾಯಕ್ಕೆ ಬರುತ್ತೇನೆ. ಆರೋಗ್ಯವಾಗಿದ್ದ ಮಗುವನ್ನು ಮಲಗಿಸಿ, ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡಿದರೆ ಉಸಿರಿಲ್ಲ. ‘ಕಾಟ್ ಡೆತ್’ ಎಂದು ಇಲ್ಲಿ ಕರೆಯುತ್ತಿದ್ದ ಈ ತೊಟ್ಟಿಲ ಸಾವು 1980ರ ದಶಕದ ನ್ಯೂಜಿಲೆಂಡಿನಲ್ಲಿ ಸಾವಿರ ಶಿಶುಗಳಿಗೆ ನಾಲ್ಕರಷ್ಟಿತ್ತು. ಮುಂದುವರಿದ ದೇಶಗಳಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲೊಂದು. ಕಾರಣ ಗೊತ್ತಿರಲಿಲ್ಲ. ಎಷ್ಟೋ ತಾಯಂದಿರು ತಮ್ಮನ್ನೇ ಹಳಿದುಕೊಂಡರು. ಪೊಲೀಸರ ವಿಚಾರಣೆ ಆ ಗಾಯಕ್ಕೆ ಉಪ್ಪು ಸವರಿತು.

ಆಗಿನ ಪ್ರಚಲಿತ ಸಲಹೆ ಏನಿತ್ತೆಂಬುದನ್ನು ಗಮನಿಸಬೇಕು. ಮಗುವನ್ನು ಬೋರಲಾಗಿ ಮಲಗಿಸಬೇಕು, ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಉಸಿರ್ನಾಳಕ್ಕೆ ಹೋಗಿ ಉಸಿರು ಕಟ್ಟುತ್ತದೆ ಎಂದು ಪಾಶ್ಚಾತ್ಯ ಪುಸ್ತಕಗಳು, ಆಸ್ಪತ್ರೆಗಳು ಹೇಳುತ್ತಿದ್ದವು. ಅಮೆರಿಕದ ಡಾ. ಸ್ಪಾಕ್ ಅವರ ಜಗತ್ಪ್ರಸಿದ್ಧ ಪುಸ್ತಕವೂ 1950ರ ದಶಕದ ಕೊನೆಯಿಂದ ಇದನ್ನೇ ಹೇಳಿತು. ದಿನ ತುಂಬದೆ ಹುಟ್ಟಿದ ಶಿಶುಗಳು ಆಸ್ಪತ್ರೆಯ ನಿಗಾದಲ್ಲಿ ಬೋರಲಾಗಿ ಮಲಗಿದಾಗ ಚೆನ್ನಾಗಿ ಉಸಿರಾಡುತ್ತವೆಂಬ ಅನುಭವವನ್ನು ಎಲ್ಲ ಮಕ್ಕಳಿಗೂ ಹಿಗ್ಗಿಸಲಾಗಿತ್ತು. ನಮ್ಮ ಅಜ್ಜಿಯರು ಇಂಥದ್ದನ್ನು ಕೇಳಿದ್ದರೆ ಹುಬ್ಬೇರಿಸುತ್ತಿದ್ದರು. ಮೊರದಲ್ಲಿಟ್ಟರೂ ತೊಟ್ಟಿಲಿಗೆ ಹಾಕಿದರೂ ಎಳೆಗೂಸು ಆಕಾಶ ನೋಡಿ ಮಲಗಬೇಕೆಂಬುದು ಅವರಿಗೆ ವಾದದ ವಿಷಯವೇ ಆಗಿರಲಿಲ್ಲ.

1985ರಲ್ಲಿ ಡೇವಿಸ್ ಎಂಬ ವೈದ್ಯರು ಹಾಂಗ್‌ಕಾಂಗಿನಲ್ಲಿ ತೊಟ್ಟಿಲ ಸಾವು ಏಕೆ ಇಷ್ಟು ವಿರಳವೆಂದು ಪ್ರಶ್ನಿಸಿ, ಅಲ್ಲಿನ ಶಿಶುಗಳು ಅಂಗಾತ ಮಲಗುವುದರತ್ತ ಬೊಟ್ಟು ಮಾಡಿದರು. ಬ್ರಿಟನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದ ಮನೆಗಳಲ್ಲಿಯೂ ಈ ಸಾವು ಕಡಿಮೆಯೆಂದು ಕಂಡುಬಂದಿತು. ನ್ಯೂಜಿಲೆಂಡಿನಲ್ಲಿ ಆಕ್ಲೆಂಡಿನ ಡಾ. ಶರ್ಲಿ ಟಾಂಕಿನ್ ಈ ಸಮಸ್ಯೆಯ ಬೆನ್ನು ಬಿದ್ದು ಹಲವು ವರ್ಷಗಳಾಗಿದ್ದವು. ಡಾ. ಎಡ್ ಮಿಚೆಲ್ ಮತ್ತು ಸಂಗಡಿಗರು 1987ರ ನವೆಂಬರಿನಿಂದ ಮೂರು ವರ್ಷಗಳ ರಾಷ್ಟ್ರೀಯ ಅಧ್ಯಯನವನ್ನು ನಡೆಸಿದರು. ಮಗುವನ್ನು ಕಳೆದುಕೊಂಡ 485 ಮನೆಗಳನ್ನು, ಬದುಕಿರುವ 1800 ಮಕ್ಕಳ ಮನೆಗಳೊಡನೆ ಹೋಲಿಸಿದರು. ಮೂರು ಅಂಶಗಳು ಎದ್ದು ಕಂಡವು: ಬೋರಲು ಮಲಗಿಸುವುದು, ತಾಯಿಯ ಧೂಮಪಾನ, ಎದೆಹಾಲು ಇಲ್ಲದಿರುವುದು. ಮೂರೂ ಬದಲಾಯಿಸಬಹುದಾದವು. 1991ರಲ್ಲಿ ದೇಶಾದ್ಯಂತ ಪ್ರಚಾರ ಕೈಗೊಂಡು, ಮಕ್ಕಳನ್ನು ಬೋರಲು ಮಲಗಿಸಬೇಡಿರೆಂದು ಹೇಳಲಾಯಿತು. ಕೆಲವೇ ವರ್ಷಗಳಲ್ಲಿ ಈ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಯಂತ್ರವಿಲ್ಲ, ಔಷಧಿಯಿಲ್ಲ, ಮಗುವನ್ನು ತಿರುಗಿಸಿ ಮಲಗಿಸಿದ್ದಷ್ಟೇ. ಅದಕ್ಕಿಂತ ನೋವಿನ ಸಂಗತಿ 2005ರಲ್ಲಿ ಹೊರಬಂದಿತು. ಅದುವರೆಗಿನ ಎಲ್ಲ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಬ್ರಿಟಿಷ್ ಸಂಶೋಧಕರು, ಬೋರಲು ಮಲಗಿಸುವುದರ ಅಪಾಯವನ್ನು 1970ರ ವೇಳೆಗೇ ಅರಿಯಬಹುದಾಗಿತ್ತು ಎಂದು ತೋರಿಸಿಕೊಟ್ಟರು. ಇಪ್ಪತ್ತು ವರ್ಷ ಯಾರೂ ಲೆಕ್ಕವನ್ನು ಕೂಡಿಸಿ ನೋಡಿರಲಿಲ್ಲ.

ಇಲ್ಲಿಗೆ ಅಜ್ಜಿ ಗೆದ್ದಳೆಂದು ಚಪ್ಪಾಳೆ ತಟ್ಟುವುದು ಸುಲಭ. ಆದರೆ ಅದೇ ಅಧ್ಯಯನ, ಧೂಮಪಾನ ಮಾಡುವ ತಾಯಿ ಮಗುವನ್ನು ಒಂದೇ ಹಾಸಿಗೆಯಲ್ಲಿ ಮಲಗಿಸಿಕೊಂಡರೆ ಅಪಾಯ ಬಹಳ ಹೆಚ್ಚುತ್ತದೆಂದೂ ತೋರಿಸಿತು. ಒಟ್ಟಿಗೆ ಮಲಗುವುದು ಮಾವೊರಿ ಮನೆಗಳ ಪದ್ಧತಿ, ನಮ್ಮದೂ ಹೌದು. ‘ಮಗುವನ್ನು ದೂರ ಮಲಗಿಸಿ’ ಎಂಬ ಒಣ ಉಪದೇಶ ಮಾವೊರಿ ಮನೆಗಳಿಗೆ ತಾಕಲಿಲ್ಲ. ಅಲ್ಲಿ ಸಾವು ಹೆಚ್ಚಾಗಿಯೇ ಉಳಿಯಿತು. ಆಗ ಡಾ. ಡೇವಿಡ್ ಟಿಪೆನೆ-ಲೀಚ್ ಮತ್ತು ಮಾವೊರಿ ನೇಕಾರ್ತಿಯರು 2006ರ ಸುಮಾರಿಗೆ ‘ವಹಕುರಾ’ ಎಂಬ ಬುಟ್ಟಿಯನ್ನು ರೂಪಿಸಿದರು. ಹರಕೆಕೆ ಎಂಬ ಇಲ್ಲಿನ ನಾರುಗಿಡದ ಎಲೆಗಳಿಂದ ಹೆಣೆದ ಈ ಬುಟ್ಟಿಯನ್ನು ತಂದೆತಾಯಿಯರ ಹಾಸಿಗೆಯ ಮೇಲೆಯೇ ಇಡಬಹುದು. ಮಗು ಹತ್ತಿರವೇ ಇರುತ್ತದೆ, ಆದರೆ ತನ್ನದೇ ಜಾಗದಲ್ಲಿ. 2011ರ ಕ್ರೈಸ್ಟ್‌ಚರ್ಚ್ ಭೂಕಂಪದ ಬಳಿಕ ಇದೇ ತತ್ತ್ವದ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ‘ಪೇಪಿ-ಪಾಡ್’ ಎಂಬ ಹೆಸರಿನಲ್ಲಿ ಮನೆ ಕಳೆದುಕೊಂಡವರಿಗೆ ಹಂಚಲಾಯಿತು. ವಹಕುರಾವನ್ನು ಚಿತ್ರದಲ್ಲಿ ನೋಡಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಬಿದಿರಿನ ಮೊರ. ಹಿರಿಯರ ಪದ್ಧತಿಯನ್ನು ಅವಮಾನಿಸದೆ, ಅದರೊಳಗಿನ ಅಪಾಯವನ್ನಷ್ಟೇ ಬೇರ್ಪಡಿಸಿದ ಈ ಕೆಲಸವನ್ನು ನಾನು ಇಡೀ ಇತಿಹಾಸದಲ್ಲಿ ಅತ್ಯಂತ ವಿವೇಕದ ಹೆಜ್ಜೆಯೆಂದು ಎಣಿಸುತ್ತೇನೆ.

1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನವಜಾತ ಶಿಶುವಿನ ಅಗತ್ಯ ಆರೈಕೆಯೆಂಬ ಹೆಸರಿನಲ್ಲಿ ಒಂದು ಕಿರುಪಟ್ಟಿಯನ್ನು ಜಗತ್ತಿನ ಮುಂದಿಟ್ಟಿತು. ಸ್ವಚ್ಛವಾದ ಕೈ ಮತ್ತು ಬ್ಲೇಡು, ಮಗುವಿನ ಉಸಿರಾಟದ ಕಡೆ ಗಮನ, ಮೈಯ ಬಿಸುಪು, ಹುಟ್ಟಿದ ಗಂಟೆಯೊಳಗೆ ಎದೆಹಾಲು, ಬೇರೇನೂ ಮೆತ್ತದ ಒಣ ಹೊಕ್ಕುಳು, ಕಣ್ಣಿನ ಆರೈಕೆ, ಲಸಿಕೆ, ಅಪಾಯದ ಚಿಹ್ನೆಗಳ ಅರಿವು. ದಡ್ಡಿಯಾದ ತಾಯಿ ಎಂಬ ಹಳೆಯ ಕಲ್ಪನೆಗೆ ಇದರಲ್ಲಿ ಎಡೆಯಿಲ್ಲ. ಯಾವ ತಾಯಿಯೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದದ್ದು. ಮಹಾರಾಷ್ಟ್ರದ ಗಡಚಿರೋಲಿಯ 39 ಹಳ್ಳಿಗಳಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿದಾಗ ನವಜಾತ ಶಿಶುಮರಣ ಹೋಲಿಕೆಯ ಹಳ್ಳಿಗಳಿಗಿಂತ ನೂರಕ್ಕೆ ಅರವತ್ತಕ್ಕೂ ಮಿಗಿಲಾಗಿ ಕಡಿಮೆಯಾಯಿತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. 2011ರಿಂದ ಭಾರತದ ಆಶಾ ಕಾರ್ಯಕರ್ತೆಯರು ಇದೇ ಮಾದರಿಯಲ್ಲಿ 42ನೆಯ ದಿನದವರೆಗೆ ಬಾಣಂತಿಯ ಮನೆಗೆ ಹೋಗುತ್ತಾರೆ. ಇಲ್ಲಿ ಮಿಡ್‌ವೈಫ್ ನಾಲ್ಕರಿಂದ ಆರು ವಾರಗಳವರೆಗೆ ನೋಡಿಕೊಂಡು ಪ್ಲಂಕೆಟ್‌ಗೋ ಬೇರೆ ಸಂಸ್ಥೆಗೋ ಒಪ್ಪಿಸುತ್ತಾರೆ. ನಮ್ಮವರ ಬಾಣಂತನ ನಲವತ್ತು ದಿನ. ಮೂರು ಲೆಕ್ಕಗಳೂ ಒಂದೇ ಕಡೆ ಬಂದು ನಿಂತಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮಾತ್ರಕ್ಕೆ ಈ ತಿಳಿವು ಬಂದುಬಿಡುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಾಗುತ್ತಿದ್ದವು. ಆದರೂ ಹುಟ್ಟಿದ ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ಸರಿಸುಮಾರು ಅರ್ಧದಷ್ಟು ಮಾತ್ರ. ಮೊದಲ ಹಾಲನ್ನು ಚೆಲ್ಲಿಸಲು ಈಗ ಅಜ್ಜಿಯೇ ಬೇಕೆಂದಿಲ್ಲ, ಶಸ್ತ್ರಕ್ರಿಯೆಯ ಅನಂತರದ ಗಡಿಬಿಡಿಯೇ ಸಾಕು.

ಇನ್ನು ಇಲ್ಲಿನ ನಮ್ಮ ಮನೆಗಳ ಮಾತು. ಇತಿಹಾಸದ ಉಪನ್ಯಾಸದಲ್ಲಿ ಇದಕ್ಕೆ ಸ್ಥಳವಿಲ್ಲವೆಂದು ಪಂಡಿತರು ಆಕ್ಷೇಪಿಸಬಹುದು. ಈ ಸಭೆಯಲ್ಲಿ ತುಂಬು ಗರ್ಭಿಣಿಯರೂ ಕುಳಿತಿರುವುದರಿಂದ ಹೇಳದೆ ಹೋಗಲಾರೆ. ಎಣ್ಣೆ ತಿಕ್ಕುವುದನ್ನು ಬಿಡಬೇಕಾಗಿಲ್ಲ. ಹಗುರವಾದ ಕೈಯಿಂದ ಮೈ ನೀವುವುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ಆದರೆ ಮೊದಲ ಸ್ನಾನಕ್ಕೆ ಒಂದು ದಿನವಾದರೂ ಕಾಯುವುದು ಒಳ್ಳೆಯದು. ಜೇನು ವರ್ಷ ತುಂಬುವವರೆಗೆ ಬೇಡವೇ ಬೇಡ, ಅದರಿಂದ ಬಾಟುಲಿಸಂ ಎಂಬ ಪ್ರಾಣಾಂತಿಕ ಕಾಯಿಲೆ ಬರಬಹುದು. ಅಂಗಡಿಯ ಕಾಡಿಗೆಯಲ್ಲಿ ಸೀಸವಿರಬಹುದು; ದೃಷ್ಟಿಬೊಟ್ಟು ಇಡಲೇಬೇಕೆಂದರೂ ಅದು ಕಣ್ಣಿಗೆ ಬೇಡ. ಬಜೆ, ಜಾಯಿಕಾಯಿಗಳನ್ನು ತೇಯ್ದು ನೆಕ್ಕಿಸುವುದೂ ಬೇಡ, ಮೊದಲ ಆರು ತಿಂಗಳು ಎದೆಹಾಲೇ ಸಾಕು. ಹೊರಗೆ ಹೋಗುವಾಗ ಕುಲಾವಿ ಸರಿ, ಆದರೆ ಮನೆಯೊಳಗೆ ಮಲಗಿದ ಮಗುವಿನ ತಲೆಗೆ ಅದನ್ನು ಕಟ್ಟಬಾರದು. ಮೈ ಅತಿಯಾಗಿ ಬಿಸಿಯಾಗುವುದೂ ಅಪಾಯವೇ.

ಕಾಮಾಲೆಯ ಬಗ್ಗೆ ವಿಶೇಷವಾಗಿ ಹೇಳಬೇಕು. ಎಣ್ಣೆಗಪ್ಪು ಮೈಯ ಮಕ್ಕಳಲ್ಲಿ ಹಳದಿ ಬಣ್ಣ ಬೇಗ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿನ ಬಿಳಿಭಾಗವನ್ನೂ ಒಸಡನ್ನೂ ಹಗಲು ಬೆಳಕಿನಲ್ಲಿ ನೋಡಬೇಕು. ಮೊದಲ ದಿನವೇ ಹಳದಿ ಕಂಡರೆ, ಮಗು ಹಾಲು ಕುಡಿಯದೆ ಮಂಕಾಗಿದ್ದರೆ ಬೆಳಗಾಗಲೆಂದು ಕಾಯುವಂತಿಲ್ಲ. ಊರಿನಲ್ಲಿ ಎಳೆಬಿಸಿಲಿಗೆ ಮಗುವನ್ನು ಒಡ್ಡುತ್ತಿದ್ದುದಕ್ಕೆ ಅರ್ಥವಿತ್ತು. ಡುನೆಡಿನ್, ಇನ್ವರ್‌ಕಾರ್ಗಿಲ್‌ಗಳ ಚಳಿಗಾಲದ ಬಿಸಿಲು ಆ ಕೆಲಸವನ್ನು ಮಾಡಲಾರದು. ಗಾಢವರ್ಣದ, ಎದೆಹಾಲು ಮಾತ್ರ ಕುಡಿಯುವ ಮಕ್ಕಳಿಗೆ ಡಿ ಜೀವಸತ್ವದ ಹನಿಗಳನ್ನು ಇಲ್ಲಿನ ಆರೋಗ್ಯ ಸಚಿವಾಲಯವೇ ಸೂಚಿಸುತ್ತದೆ. ಮಿಡ್‌ವೈಫನ್ನು ಕೇಳಿ ಪಡೆಯಿರಿ. ನಮ್ಮ ಮಕ್ಕಳ ಬೆನ್ನಿನ ಕೆಳಗೆ ಹುಟ್ಟಿನಿಂದಲೇ ಇರುವ ನೀಲಿ ಮಚ್ಚೆಗಳನ್ನು ಮೊದಲ ಭೇಟಿಯಲ್ಲಿಯೇ ದಾದಿಗೆ ತೋರಿಸಿ ಪುಸ್ತಕದಲ್ಲಿ ಬರೆಸಿಕೊಳ್ಳುವುದು ಲೇಸು. ತಿಳಿಯದವರು ಅದನ್ನು ಪೆಟ್ಟಿನ ಗುರುತೆಂದು ಭಾವಿಸಬಹುದು. ಮಾವೊರಿ ಮಕ್ಕಳಲ್ಲಿಯೂ ಅಂಥ ಮಚ್ಚೆಗಳು ಸಾಮಾನ್ಯವಾದ್ದರಿಂದ ಇಲ್ಲಿನ ದಾದಿಯರಿಗೆ ಅವು ಹೊಸತೇನಲ್ಲ.

ಕೊನೆಯದಾಗಿ, ಊರಿನಿಂದ ಬಂದ ಹಿರಿಯರ ವಿಷಯ. ದಾದಿ ಬಂದಾಗ ಅತ್ತೆಯವರೋ ಅಮ್ಮನೋ ಒಳಕೋಣೆಗೆ ಸರಿದುಬಿಡುತ್ತಾರೆ, ಇಂಗ್ಲಿಷ್ ಬಾರದೆಂಬ ಸಂಕೋಚ. ದಾದಿ ಹೊರಟ ಮೇಲೆ ‘ಏನಂದಳು?’ ಎಂದು ಕೇಳುತ್ತಾರೆ. ಸೊಸೆ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ, ಅಷ್ಟರಲ್ಲಿ ಕಾರಣಗಳೆಲ್ಲ ಸೋರಿಹೋಗಿರುತ್ತವೆ. ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೇಕಾದರೆ ದುಭಾಷಿಯನ್ನು ಕೇಳಿ. ಕೇಳುವ ಹಕ್ಕು ಈ ದೇಶದಲ್ಲಿ ರೋಗಿಗಳಿಗಿದೆ. ಮಗುವನ್ನು ಹೇಗೆ ಮಲಗಿಸುತ್ತಿದ್ದಿರಿ, ಮೊದಲ ಹಾಲನ್ನು ಏನು ಮಾಡುತ್ತಿದ್ದಿರಿ ಎಂದು ದಾದಿ ಅಜ್ಜಿಯನ್ನೇ ಕೇಳಲಿ. ಅಜ್ಜಿ ಹೇಳಲಿ, ತಕ್ಕಡಿಯ ಮುಳ್ಳು ಎಲ್ಲಿ ನಿಂತಿದೆಯೆಂದು ಬಾಗಿ ನೋಡಲಿ.